ವಾರಿಜಾಕ್ಷಿ ಮುಟ್ಟಿದ ಕಂಪ್ಯೂಟರ್

ಹೌದು ಮಾರಾಯ್ರೆ, ಅದನ್ನೇ ಹೇಳ್ತಾ ಇರುವುದು ನಾನು! ಮಷಿನ್‌ಗೆ ಎಂತ ರೋಗವೂ ಇಲ್ಲ. ರೋಗ ಇದ್ದದ್ದು ಅದರ ಎದುರು ಕೂತವಳಿಗೆ. ನೀವು ಕೂತ್ಕೊಳ್ಳಿ ಮೊರಿಸ್ ಪೊರ್ಬುಗಳೇ, ರಿಪೇರಿಗೆ ಬಂದವರು ನಿಂತುಕೊಂಡು ಎಂತ ನೋಡುವುದು? ಅದೇ ಕುರ್ಚಿ, ಅವಳದ್ದೇ. ಹೆದರಬೇಡಿ, ಗುಡಿಸುವ ಬಾಗಿಯ ಕೈಯಲ್ಲಿ ಸೆಗಣಿ ನೀರು ಹಾಕಿಸಿ ಒರೆಸಿಸಿದ್ದೇನೆ... ಯಾಕೆ ನಗ್ತೀರಿ? ನಗುವಂಥದ್ದು ಎಂತ ಉಂಟು ಇದರಲ್ಲಿ? ನೀವು ಇಗರ್ಜಿಗೆ ಹೋಗುವ ಕ್ರಿಶ್ಚನರು, ನಿಮಗೆ ಇದೆಲ್ಲ ತಮಾಷೆ. ಇರಲಿ.

ಹಾಂ, ಹಾಕಿ, ಸ್ವಿಚ್ ಹಾಕಿ. ನೋಡಿ, ಹೇಗೆ ಬಂತು! ಹಸಿರು ಅಕ್ಷರ, ಒಂದೂ ಅಲುಗುವುದಿಲ್ಲ. ಎಂತ ಟೆಸ್ಟ್ ಅದು, ಫ್ಲಾಪಿ ಹಾಕಿ ಮಾಡುವುದಾ? ಮಾಡಿ, ಮಾಡಿ. ಎಷ್ಟು ಹೊತ್ತು ಬೇಕಾದರೂ ಓಡಿಸಿ. ಅವಳು ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಇಪ್ಪತ್ತೆರಡು ದಿನದಲ್ಲಿ ಒಂದು ಸಲ... ಒಂದೇ ಒಂದು ಸಲ ನಿಂತಿದ್ದರೆ ನನ್ನ ಹೆಸರು ಮಹಾಬಲ ಶೆಟ್ಟಿ ಅಲ್ಲ! ನಿಮಗೆ ಕೆಲಸ ಹೆಚ್ಚಿಲ್ಲ. ಟೆಸ್ಟ್ ಮುಗಿದ ಮೇಲೆ ನಿಮ್ಮ ಆ ಹಳದಿ ರಿಪೋರ್ಟಿನಲ್ಲಿ ಒಂದು ಗೆರೆ ಬರೆಯಬೇಕು, ಅಷ್ಟೆ. "ಮಷಿನ್‌ನಲ್ಲಿ ದೋಷ ಇಲ್ಲ, ನಡೆಸುವವರ ದೋಷ." ಸೈನು, ಸೀಲು. ಗುರುವಾರ ಲೇಬರ್ ಆಫೀಸಿನಲ್ಲಿ ಅದನ್ನು ಮೇಜಿನ ಮೇಲೆ ಇಟ್ಟರೆ ಕೇಸು ಮುಗಿಯಿತು.

ಕೇಸು ಹಾಕಿದ್ದು ಯಾರು ಅಂತೀರಾ? ಅವಳೇ! ವಾರಿಜಾಕ್ಷಿ! ನಿಮಗೆ ಗೇಟು ತೆಗೆದನಲ್ಲ ವಾಚ್‌ಮನ್, ಆ ನೋಣಯ್ಯನ ಮಗಳು. ಹೌದು ಹೌದು, ಮಗಳು ನಮ್ಮ ಮೇಲೆ ಕೇಸು ಹಾಕಿದ್ದಾಳೆ, ಅಪ್ಪ ದಿನಾ ನನಗೆ ಸೆಲ್ಯೂಟ್ ಹೊಡೀತಾನೆ. ಹೊಡೆಯದೆ ಎಂತ ಮಾಡ್ತಾನೆ? ಕಾಟಿಪಳ್ಳದಲ್ಲಿ ಐದು ಸೆಂಟ್ಸ್ ಜಾಗ, ಅದರಲ್ಲಿ ಆರು ಹೊಟ್ಟೆ. ಅವಳನ್ನು ತೆಗೆದ ದಿನ ಗೇಟಿನ ಹತ್ತಿರ ನನ್ನ ಕಾಲು ಹಿಡಿದ. "ಶೆಟ್ರೇ, ಅವಳು ಎಂತ ತಪ್ಪು ಮಾಡಿದ್ದು ಅಂತಾದರೂ ಹೇಳಿ" ಅಂತ. ನಾನು ಹೇಳಿದೆ, "ನೋಣಯ್ಯಾ, ಕಾಲು ಬಿಡು, ನನಗೆ ಬಸ್ಸಿಗೆ ಹೊತ್ತಾಯ್ತು."

ಮಷಿನ್ ಬಂದದ್ದು ಎಂಬತ್ತೇಳರ ನವರಾತ್ರಿಗೆ. ಗೇರುಬೀಜದ ಕಂಪೆನಿಗೆ ಕಂಪ್ಯೂಟರ್ ಯಾಕೆ ಅಂತ ಬೋಳಾರದವರೆಲ್ಲ ನಗಾಡಿದ್ರು, ಆದರೂ ನಮ್ಮ ದಣಿಗಳು ಬೊಂಬಾಯಿಯಿಂದ ತರಿಸಿದ್ರು. ಈ ಹುಡುಗಿ ಹಂಪನಕಟ್ಟೆಯಲ್ಲಿ ಆರು ತಿಂಗಳು ಎಂತದೋ ಕೋರ್ಸ್ ಮಾಡಿದ್ದಳಂತೆ. ಬಂದಳು, ಕೂತಳು, ಟಕಟಕ ಹೊಡೆದಳು. ದಣಿಗಳಿಗೆ ಖುಷಿಯೋ ಖುಷಿ! "ಮಹಾಬಲ, ನೀನು ಮೂರು ದಿನ ಕೂತು ಬರೆಯುವ ಹಾಜರಿ ಪಟ್ಟಿ ಇವಳು ಊಟದ ಮೊದಲು ಮುಗಿಸಿದಳು ನೋಡು" ಅಂತ. ಮೂವತ್ತೊಂದು ವರ್ಷ ಪೊರ್ಬುಗಳೇ! ಮೂವತ್ತೊಂದು ವರ್ಷ ಈ ಕೈಯಲ್ಲಿ ಬರೆದದ್ದು! ನನ್ನ ಅಕ್ಷರ ನೋಡ್ಲಿಕ್ಕೆ ಅಂತಲೇ ಬೇರೆ ಕಂಪೆನಿಯ ಗುಮಾಸ್ತರು ಬರ್ತಿದ್ರು. ಮತ್ತೊಂದು ದಿನ ದಣಿಗಳು ಎಂತ ಹೇಳಿದ್ರು ಗೊತ್ತುಂಟಾ? ಎಲ್ಲರ ಎದುರಿಗೆ! "ವಾರಿಜಾ, ಪುರುಸೊತ್ತು ಆದಾಗ ಮಹಾಬಲನಿಗೂ ಸ್ವಲ್ಪ ಕಲಿಸು." ನನಗೆ! ವಾಚ್‌ಮನ್‌ನ ಮಗಳು ಕಲಿಸುವುದು! ಅವಳು "ಆಯ್ತು ದಣಿಗಳೇ" ಅಂತ ಹೇಳಿ ನನಗೊಂದು ಸ್ಟೂಲು ಎಳೆದು ಹಾಕಿದಳು. ಅವಳು ಕುರ್ಚಿಯಲ್ಲಿ, ನಾನು ಸ್ಟೂಲಿನಲ್ಲಿ!

...ಇಲ್ಲಪ್ಪ, ಸಿಟ್ಟು ಯಾಕೆ? ಸಿಟ್ಟು ಎಂತದ್ದೂ ಇಲ್ಲ. ಆಗಿದ್ದು ಹೇಳಿದೆ, ಅಷ್ಟೆ.

ನಿಲ್ಲುವುದು ಶುರುವಾದದ್ದು ಸಂಕ್ರಾಂತಿ ಕಳೆದ ಮೇಲೆ. ಹೇಗೆ ಅಂದರೆ, ಓಡ್ತಾ ಓಡ್ತಾ ಗಕ್ಕನೆ ನಿಲ್ಲುವುದು. ಪರದೆಯಲ್ಲಿ ಅಕ್ಷರ ಇದ್ದ ಹಾಗೇ. ಕೀ ಒತ್ತಿದರೆ ಕುಂಯ್ ಅನ್ನುವುದು, ಮತ್ತೆ ಎಂತ ಇಲ್ಲ. ಬೆಳಿಗ್ಗೆಯಿಂದ ಹೊಡೆದದ್ದೆಲ್ಲ ನೀರಲ್ಲಿ ಹೋಮ! ವಯರಿಂಗ್ ನೋಡಿಸಿದೆವು, ಸರಿ ಉಂಟು ಅಂದ್ರು. ಅರ್ಥಿಂಗಿನ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಕೊಡಪಾನ ಕೊಡಪಾನ ನೀರು ಬಿಟ್ಟೆವು, ಮರುದಿನ ಪುನಃ ನಿಂತಿತು. ಸ್ಟೆಬಿಲೈಸರ್ ಹೊಸತು ತಂದೆವು, ಆಗಲೂ ನಿಂತಿತು. ಮತ್ತೆ ಉಳಿದದ್ದು ಯಾರು? ನೀವೇ ಹೇಳಿ ನೋಡುವ!

ನಾನು ತಲೆ ಓಡಿಸಿದೆ. ಆ ಗೋಡೆಯ ಕ್ಯಾಲೆಂಡರ್ ನೋಡಿ, ನಿಂತ ದಿನಕ್ಕೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದು ನಾನೇ. ಮತ್ತೆ ಬಾಗಿಯನ್ನು ಕರೆದು ಹೇಳಿದೆ, "ಆ ಹುಡುಗಿ ಹೊರಗಾಗುವುದು ಯಾವಾಗ, ನೋಡಿ ಹೇಳು." ಹೆಂಗಸರ ಕಕ್ಕಸು ತೊಳೆಯುವವಳಿಗೆ ಗೊತ್ತಾಗದೆ ಇರ್ತದಾ? ಫೆಬ್ರವರಿ ಒಂಬತ್ತು, ಹತ್ತು. ಮಷಿನ್ ನಿಂತದ್ದೂ ಒಂಬತ್ತು, ಹತ್ತು! ಸಾಲದಾ? ದಣಿಗಳ ಎದುರಿಗೇ ಕೇಳಿದೆ, "ವಾರಿಜಾಕ್ಷಿ, ಇವತ್ತು ನಿನಗೆ ಎಷ್ಟನೇ ದಿನ?" ಅವಳ ಮುಖ... ಅಯ್ಯೋ, ನೀವು ನೋಡಬೇಕಿತ್ತು! ಕೂತಲ್ಲೇ ಬಿಳಿಚಿಕೊಂಡಿತು. ಆ ಮೇಲೆ ತಿಂಗಳಿಗೆ ನಾಲ್ಕು ದಿನ ಹೊರಗೆ ಜಗಲಿಯಲ್ಲಿ, ಖಾಲಿ ಡಬ್ಬಿಗಳ ಹತ್ತಿರ ಕೂತುಕೊಳ್ಳಬೇಕು ಅಂತ ಆರ್ಡರ್ ಮಾಡಿಸಿದೆ. ಹೋಗಿ ಬರುವವರೆಲ್ಲ ನೋಡ್ತಾರೆ, ಯಾಕೆ ಕೂತದ್ದು ಅಂತ ಎಲ್ಲರಿಗೂ ಗೊತ್ತು. ಬೀಜ ಒಡೆಯುವ ಹೆಂಗಸರು ಅಲ್ಲಿಂದಲೇ ಕೂಗಿ ಕೇಳ್ತಿದ್ರು, "ಎಂತ ವಾರಿಜಾ, ಶುರುವಾ?" ಹ್ಹ ಹ್ಹ ಹ್ಹ!

ಹುಬ್ಬು ಯಾಕೆ ಏರಿಸ್ತೀರಿ? ಕ್ಯಾಲೆಂಡರಿನಲ್ಲಿ ಬೇರೆ ತಾರೀಕಿಗೂ ಸುತ್ತು ಉಂಟು ಅಂತ ತಾನೇ? ಉಂಟು. ಹದಿನೇಳಕ್ಕೆ ನಿಂತಿತು, ಇಪ್ಪತ್ತಮೂರಕ್ಕೆ ನಿಂತಿತು. ಅದಕ್ಕೇ ನಾನು ಹೇಳುವುದು, ಅವಳು ಸುಳ್ಳು ಹೇಳ್ತಾಳೆ! ತಾರೀಕು ಮುಚ್ಚಿಡ್ತಾಳೆ! ಮತ್ತೆ ದೂರುವುದು ಯಾರನ್ನು? ಮಷಿನನ್ನು! "ಸರ್, ಹೊಳೆ ಕಡೆಯ ಉಪ್ಪುಗಾಳಿಗೆ ಒಳಗೆ ಕಿಲುಬು ಹಿಡಿದು ಚಿಪ್ ಸಡಿಲ ಆಗ್ತದೆ" ಅಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಏಪ್ರಿಲ್ ಕೊನೆಗೆ ಕೈಗೆ ಕಾಗದ ಕೊಟ್ಟು ಕಳಿಸಿದೆವು. ಅಷ್ಟರಲ್ಲಿ ಸುದ್ದಿ ಊರಿಡೀ ಹೋಗಿತ್ತು. ಬಜಪೆಯಲ್ಲಿ ಒಂದು ಸಂಬಂಧ ನಿಶ್ಚಯ ಆಗಿತ್ತಂತೆ, ಹುಡುಗ ಮಸ್ಕತ್ತಿನಲ್ಲಿ. ಅವರು ಬೇಡ ಅಂದ್ರಂತೆ. "ಮುಟ್ಟಿದ ಮಷಿನ್ ನಿಲ್ತದೆ ಅಂತಾದರೆ ಇವಳು ಬಂದ ಮನೆಯಲ್ಲಿ ಒಲೆ ಉರಿಯುವುದುಂಟಾ?" ಅಂತ ಹುಡುಗನ ತಾಯಿ ಕೇಳಿದಳಂತೆ. ಸರಿಯಾಗಿಯೇ ಕೇಳಿದ್ದಾಳೆ ಬಿಡಿ! ...ಪಾಪ ಅಂತ ಕಾಣ್ತದಾ ನಿಮಗೆ? ನನಗೂ ಕಾಣ್ತದೆ ಮಾರಾಯ್ರೆ, ನಾನೆಂತ ಕಲ್ಲಾ? ಆದರೆ ಗುರುವಾರ ಅವಳು ಗೆದ್ದರೆ ವಾಪಸು ಬಂದು ಇದೇ ಕುರ್ಚಿಯಲ್ಲಿ ಕೂತುಕೊಳ್ತಾಳೆ. ನನ್ನ ಎದುರಿಗೆ, ನಾನು ಹೇಳಿದ್ದೆಲ್ಲ ಸುಳ್ಳು ಅಂತ ಆಗಿ. ಆಗಬಾರದು ಅದು. ಅದಕ್ಕೇ ನಿಮ್ಮ ಆ ಒಂದು ಗೆರೆ ಬೇಕಾದದ್ದು.

ಬರೆಯಿರಿ ಈಗ. ಅರ್ಧ ಗಂಟೆ ಆಯ್ತಲ್ಲ, ಎಲ್ಲಿ ನಿಂತಿತು? ಓಡ್ತಾನೇ ಉಂಟು. ಪೆನ್ನು ಉಂಟಾ? ನನ್ನದು ತಕ್ಕೊಳ್ಳಿ...

ಎಂತ? ಎಂತ ಆಯ್ತು?

ನಿಂತಿತಾ? ಇಜ್ಜಿ... ಇಲ್ಲ ಇಲ್ಲ, ಇರಿ, ಬೇರೆ ಕೀ ಒತ್ತಿ. ಇನ್ನೊಂದು ಒತ್ತಿ. ...ನಾನು ಮುಟ್ಟಲಿಲ್ಲ ಮಾರಾಯ್ರೆ! ಇಷ್ಟು ದೂರ ನಿಂತಿದ್ದೇನೆ, ನೀವೇ ನೋಡ್ತಿದ್ರಿ! ನಿಮ್ಮ ಫ್ಲಾಪಿಯದ್ದೇ ತೊಂದರೆ ಇರಬೇಕು, ಹೊರಗಿಂದ ತಂದ ಫ್ಲಾಪಿ... ಏ, ಮುಚ್ಚಳ ಯಾಕೆ ತೆಗೀತೀರಿ? ಬೇಡ, ಮುಚ್ಚಳ ಬೇಡ! ದಣಿಗಳ ಹತ್ತಿರ ಒಂದು ಮಾತು ಕೇಳಬೇಕು... ಪೊರ್ಬುಗಳೇ!

ಸ್ಕ್ರೂ? ಐದು ಇರಬೇಕಿತ್ತಾ? ಒಂದೇ ಇರುವುದಾ? ಅವಳೇ ತೆಗೆದದ್ದು, ಮತ್ತೆ ಯಾರು! ಅವಳಿಗೆ ಅದೇ ಕೆಲಸ. ಬೆಳಿಗ್ಗೆ ಬಂದ ಕೂಡಲೇ ಮುಚ್ಚಳ ತೆಗೆದು ಆ ಕಪ್ಪು ಚಿಪ್‌ಗಳನ್ನು ಒಂದೊಂದಾಗಿ ಹೆಬ್ಬೆರಳಿನಲ್ಲಿ ಒತ್ತುವುದು. ಹಾಂ, ಹಾಗೆಯೇ, ನೀವು ಈಗ ಒತ್ತಿದಿರಲ್ಲ, ಹಾಗೆಯೇ. ಕಟಕ್ ಅಂತ ಕೂರ್ತದೆ. ಒತ್ತಿದ ದಿನ ಮತ್ತೆ ಸಂಜೆಯವರೆಗೆ ಎಂತ ತೊಂದರೆ...

ಅಲ್ಲ. ನಾನು ಹೇಳಿದ್ದು ಹಾಗಲ್ಲ.

ಬೈದದ್ದು ಹೌದು. "ದಣಿಗಳ ಮಷಿನ್ ಬಿಚ್ಚಲಿಕ್ಕೆ ಇದೇನು ನಿನ್ನಪ್ಪನ ಸೊತ್ತಾ? ಇನ್ನೊಮ್ಮೆ ಮುಚ್ಚಳಕ್ಕೆ ಕೈ ಹಾಕಿದರೆ ಪೊಲೀಸರಿಗೆ ಕೊಡ್ತೇನೆ" ಅಂತ. ಹೆದರಿದಳು, ಆ ಮೇಲೆ ಮುಟ್ಟಲಿಲ್ಲ. ಅದು ಯಾವಾಗ... ಸಂಕ್ರಾಂತಿಯ ಹೊತ್ತಿಗೆ. ಹೌದು, ಸಂಕ್ರಾಂತಿಯ ಹೊತ್ತಿಗೇ. ಹೀಗೆ ನೋಡಬೇಡಿ ನೀವು.

ಟಾರ್ಚ್ ಹಾಕಿ ಎಂತ ತೋರಿಸ್ತೀರಿ? ಚಿಪ್‌ನ ಮೇಲೆ ಹಳದಿ ಹಳದಿ... ಅದು ಗಂಧ. ದೇವರ ಗಂಧ. ಆಯುಧಪೂಜೆಯದ್ದು ಇರಬೇಕು. ಮೂಸಿ ಯಾಕೆ ನೋಡ್ತೀರಿ? ಪರಿಮಳ ಇದ್ದರೆ ನಾನೆಂತ ಮಾಡಲಿ? ಬೆರಳಿನ ಗುರುತು ಕಾಣುವುದಾದರೆ ಅದು ಅವಳದ್ದೇ... ನನ್ನ ಹಣೆ ಯಾಕೆ ನೋಡ್ತೀರಿ? ಹೌದು, ದಿನಾ ಮಂಗಳಾದೇವಿಗೆ ಹೋಗಿಯೇ ನಾನು ಆಫೀಸಿಗೆ ಬರುವುದು. ಪ್ರಸಾದ ಹಚ್ಚುವಾಗ ಬೆರಳಿಗೆ ಮೆತ್ತಿಕೊಳ್ತದೆ. ಯಾರಿಗಾದರೂ ಮೆತ್ತಿಕೊಳ್ತದೆ.

ಎಂತಾದರೂ ಹೇಳಿ ಮಾರಾಯ್ರೆ. ಬೇಕಾದರೆ ಬೈಯಿರಿ. ಆ ರಿಪೋರ್ಟು ಯಾಕೆ ಹತ್ತಿರ ಎಳೆದ್ರಿ?... ಆ ಪೆನ್ನು ಒಂದು ಕೆಳಗಿಡಿ. ಇಡ್ತೀರಾ ಇಲ್ಲವಾ? ...ಬರೆದೇ ಬಿಟ್ರಾ?

ಸ್ಟೂಲಿನಲ್ಲಿ ಕೂತು ನೋಡಿ ಕಲಿತದ್ದು ನಾನು. ಅವಳೇ ಕಲಿಸಿದ್ದು. "ಮೆಲ್ಲ ಒತ್ತಿ ಸರ್, ಚಿಪ್‌ನ ಕಾಲು ಮುರಿದೀತು" ಅಂತ ನನ್ನ ಹೆಬ್ಬೆರಳು ಹಿಡಿದು ತೋರಿಸಿದ್ದಳು. ಅವಳು ಹೋದ ಮರುದಿನದಿಂದ, ಯಾರೂ ಬರುವ ಮೊದಲು, ದಿನಾ ನಾನೇ ಒತ್ತುವುದು. ಇವತ್ತು ನಾನು ಬರುವಾಗ ನೀವು ಬಂದು ಜಗಲಿಯಲ್ಲಿ ಕೂತಿದ್ರಿ.