ಮಧ್ಯಾಹ್ನ ಕಿಟಕಿ ಮುಚ್ಚಿದವರ ಬಗ್ಗೆ ಹೇಳಿಕೆ

ನಾನು, ವಯಸ್ಸು 44 ವರ್ಷ, ಕೆಲಸ: ಮನೆಯವರು ಇಲ್ಲದಾಗ ಅವರ ನಾಯಿ, ಬೆಕ್ಕುಗಳನ್ನು ನೋಡಿಕೊಳ್ಳುವುದು, ವಾಸ: ಬಸ್ ಡಿಪೋ ಹಿಂದಿನ ಎರಡನೇ ಅಡ್ಡರಸ್ತೆ, ನೆಲಮಹಡಿ. ಈ ದಿನ ಗುರುವಾರ ಮಧ್ಯಾಹ್ನ 2.15ಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಮನೆಯಿಂದ ಸುಮಾರು 600 ಮೀಟರ್ ದೂರದ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಮಹಿಳಾ ಟೈಲರ್ ಒಬ್ಬರೇ ವಾಸವಾಗಿದ್ದಾರೆ. ವಯಸ್ಸು 61. ಮನೆ ಅವರ ಹೆಸರಿನಲ್ಲೇ ಇದೆ. ಮೇಲೆ ಬರೀ ತಾರಸಿ ಇರುವುದರಿಂದ ಬೇಸಿಗೆಯಲ್ಲಿ ಮನೆ ಒಲೆಯಂತೆ ಕಾಯುತ್ತದೆ. ಅವರ ಬಳಿ ಚಪ್ಪಟೆ ಮೂತಿಯ, ಒಂಬತ್ತು ವರ್ಷದ ಗಂಡು ನಾಯಿ ಇದೆ. ಯಾರು ಏನು ಕೆಲಸ ಮಾಡಿದರೂ ಪಕ್ಕದಲ್ಲಿ ಕುಳಿತು ನೋಡುವುದರಿಂದ ಅದನ್ನು ಮೇಸ್ತ್ರಿ ಎಂದು ಕರೆಯುತ್ತಾರೆ. ಕಳೆದ ಸೋಮವಾರ ಬೆಳಿಗ್ಗೆ 7.30ಕ್ಕೆ ಟೈಲರಕ್ಕ ಸೊಂಟದ ಮೂಳೆಯ ಆಪರೇಷನ್‌ಗೆ ಆಸ್ಪತ್ರೆಗೆ ಹೊರಟರು. ಹೊರಡುವಾಗ ನನಗೆ ಕೀಲಿ ಕೊಟ್ಟು, ಇವನಿಗೆ ಸೆಕೆ ಆದರೆ ಹೇಳೋಕೆ ಬರಲ್ಲ, ನಾಲಿಗೆ ನೋಡ್ತಾ ಇರಿ, ಗುಲಾಬಿ ಇದ್ರೆ ಸರಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ರೆ ಕಾಯ್ಬೇಡಿ, ಎತ್ಕೊಂಡು ಓಡಿ ಎಂದು ಹೇಳಿದರು. ಇನ್ನೊಂದು ಕೀಲಿ ಅವರ ತಮ್ಮನ ಬಳಿ ಇದೆ ಎಂದೂ ತಿಳಿಸಿದರು.

ನಾನು ದಿನಕ್ಕೆ ಎರಡು ಸಲ, ಬೆಳಿಗ್ಗೆ 11ಕ್ಕೂ ಸಂಜೆ 4.30ಕ್ಕೂ ಹೋಗುತ್ತಿದ್ದೆ. ಬೆಳಿಗ್ಗೆ ಹೋದಾಗ ಉತ್ತರದ ಎರಡು ಕಿಟಕಿಗಳನ್ನು ಒಂದು ಗೇಣು ತೆರೆದು, ಪಶ್ಚಿಮದ ಪರದೆ ಎಳೆದು, ಫ್ಯಾನ್ ಹಾಕುತ್ತಿದ್ದೆ. ಫ್ರೀಜರ್‌ನಲ್ಲಿ ಮಂಜುಗಡ್ಡೆ ಕಟ್ಟಿಸಿದ ಎರಡು ನೀರಿನ ಬಾಟಲಿಗಳನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿ ನಾಯಿ ಮಲಗುವ ಜಾಗದಲ್ಲಿ ಇಡುತ್ತಿದ್ದೆ. ಬೋಗುಣಿಯಲ್ಲಿ ಟೈಲರಕ್ಕ ಬಟ್ಟೆಯ ಸೀಮೆಸುಣ್ಣದಿಂದ ಎಳೆದಿದ್ದ ಗೆರೆಯವರೆಗೆ ನೀರು ತುಂಬಿಸುತ್ತಿದ್ದೆ. ನೆಲದಿಂದ ಒಂದು ಅಡಿ ಎತ್ತರದಲ್ಲಿ ಥರ್ಮಾಮೀಟರ್ ನೇತುಹಾಕಿದ್ದೆ. ಅದರ ಕೆಂಪು ಕಡ್ಡಿ ದಿನದ ಅತಿ ಹೆಚ್ಚು ಉಷ್ಣಾಂಶದಲ್ಲಿ ನಿಂತುಬಿಡುತ್ತದೆ. 11.40ಕ್ಕೆ ಹೊರಡುವಾಗ ನಾಯಿಯ ಫೋಟೊ ತೆಗೆದು, ಈಗ ಹೊರಟೆ, ಇನ್ನು 4.30ಕ್ಕೆ ಬರುತ್ತೇನೆ ಎಂದು ಟೈಲರಕ್ಕನಿಗೆ ಬರೆದು ಕಳಿಸುತ್ತಿದ್ದೆ. ಟೈಲರಕ್ಕನ ಫೋನ್ ಅವರ ತಮ್ಮನ ಕೈಯಲ್ಲಿ ಇದ್ದುದರಿಂದ ಅದನ್ನು ನೋಡುತ್ತಿದ್ದವರು ತಮ್ಮ. ಸಮಯ ತಿಳಿಸಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಹತ್ತು ವರ್ಷದಿಂದ ಎಲ್ಲರಿಗೂ ಹಾಗೆಯೇ ಕಳಿಸುತ್ತಾ ಬಂದಿದ್ದೇನೆ.

ಸೋಮವಾರ ಕೆಂಪು ಕಡ್ಡಿ 32ರಲ್ಲಿ ಇತ್ತು. ಮಂಗಳವಾರ ಸಂಜೆ ನೋಡಿದಾಗ 39ರಲ್ಲಿ ಇತ್ತು. ಕಿಟಕಿ ತೆರೆದೇ ಇತ್ತು, ಫ್ಯಾನ್ ತಿರುಗುತ್ತಿತ್ತು. ಅಡುಗೆಮನೆಯ ವಿದ್ಯುತ್ ಗಡಿಯಾರ ಮಿನುಗುತ್ತಿತ್ತು. ಕರೆಂಟ್ ಹೋಗಿ ಬಂದರೆ ಅದು 12.00ರಿಂದ ಮತ್ತೆ ಶುರುವಾಗಿ ಹಾಗೆ ಮಿನುಗುತ್ತದೆ. ಕರೆಂಟ್ ಹೋಗಿರಬೇಕು ಎಂದುಕೊಂಡು ಅದನ್ನು ಸರಿಯಾದ ಸಮಯಕ್ಕೆ ಹೊಂದಿಸಿಟ್ಟೆ. ತಮ್ಮನಿಗೆ ಫೋನ್ ಮಾಡಿ ತಿಳಿಸಿದಾಗ ಅವರು, ಏನಮ್ಮಾ, ನಾಯಿಗೆ ಸೆಕೆ ಆದ್ರೆ ನನಗೆ ಫೋನಾ, ನನಗೆ ಸೆಕೆ ಆದ್ರೆ ಯಾರಿಗೆ ಮಾಡ್ಲಿ ಎಂದು ನಕ್ಕರು.

ಬುಧವಾರ ಸಂಜೆ ನಾನು ಐದು ನಿಮಿಷ ಮುಂಚೆ, 4.25ಕ್ಕೆ ಹೋದೆ. ಕೆಂಪು ಕಡ್ಡಿ 41ರಲ್ಲಿ ಇತ್ತು. ಬಾಟಲಿಗಳ ನೀರು ಸ್ನಾನದ ನೀರಿನಷ್ಟು ಬೆಚ್ಚಗಿತ್ತು. ಬೋಗುಣಿಯ ನೀರು ಸೀಮೆಸುಣ್ಣದ ಗೆರೆಗಿಂತ ಎರಡು ಬೆರಳು ಮೇಲಿತ್ತು. ನಾನು ಗೆರೆ ದಾಟಿ ತುಂಬಿಸುವುದಿಲ್ಲ. ನಾಯಿ ಎದ್ದು ಬರಲಿಲ್ಲ. ನಾಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಗಡಿಯಾರ 12.37 ತೋರಿಸುತ್ತಾ ಮಿನುಗುತ್ತಿತ್ತು. ಅಂದರೆ ಕರೆಂಟ್ ಬಂದು 37 ನಿಮಿಷವಾಗಿತ್ತು.

ನಾಯಿಯನ್ನು ಒದ್ದೆ ಟವೆಲ್‌ನಲ್ಲಿ ಎತ್ತಿಕೊಂಡು ಇಳಿದೆ. ನೆಲಮಹಡಿಯಲ್ಲಿ ಕ್ಷೌರದ ಅಂಗಡಿ ಇದೆ. ಇವತ್ತು ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಎಂದು ಅಂಗಡಿಯವರನ್ನು ಕೇಳಿದೆ. ಅವರು, ಹೋಗೇ ಇಲ್ಲ ಅಕ್ಕಾ, ಹೋಗಿದ್ರೆ ಅರ್ಧ ತಲೆ ಬೋಳಿಸ್ಕೊಂಡೋರು ಇಲ್ಲೇ ಕೂತು ನನಗೆ ಬೈತಾ ಇರ್ತಿದ್ರು ಎಂದರು. ಪಶುವೈದ್ಯರು 4.50ರಿಂದ 6.10ರವರೆಗೆ ಚಿಕಿತ್ಸೆ ಕೊಟ್ಟರು. ಇನ್ನೊಂದು ಮಧ್ಯಾಹ್ನ ಹೀಗೇ ಕಳೆದರೆ ಇದು ಉಳಿಯುವುದಿಲ್ಲ ಎಂದು ತಿಳಿಸಿದರು. ರಾತ್ರಿ ನಾಯಿಯನ್ನು ನನ್ನ ಮನೆಯಲ್ಲಿ ಇಟ್ಟುಕೊಂಡೆ. ಇದನ್ನು ಯಾರಿಗೂ ಬರೆದು ಕಳಿಸಲಿಲ್ಲ.

ಈ ದಿನ ಬೆಳಿಗ್ಗೆ 11ಕ್ಕೆ ನಾಯಿಯೊಂದಿಗೆ ಟೈಲರಕ್ಕನ ಮನೆಗೆ ಹೋಗಿ ಎಂದಿನಂತೆ ಎಲ್ಲವನ್ನೂ ಅಣಿಮಾಡಿದೆ. 11.40ಕ್ಕೆ ಫೋಟೊ ತೆಗೆದು, ಈಗ ಹೊರಟೆ, ಇನ್ನು 4.30ಕ್ಕೆ ಬರುತ್ತೇನೆ ಎಂದು ಕಳಿಸಿದೆ. ಆದರೆ ಹೊರಡಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊಲಿಗೆ ಕೋಣೆಯ ಬಾಗಿಲ ಹಿಂದೆ ಕುಳಿತೆ.

12.04ಕ್ಕೆ ಹೊರಗಿನಿಂದ ಕೀಲಿ ತಿರುಗಿತು. ನಾಯಿ ಬೊಗಳಲಿಲ್ಲ, ಬಾಲ ಅಲ್ಲಾಡಿಸಿತು. ಒಳಗೆ ಬಂದವರು ಟೈಲರಕ್ಕನ ತಮ್ಮ, ವಯಸ್ಸು ಸುಮಾರು 55. ಅವರು ಬಗ್ಗಿ ನಾಯಿಯ ತಲೆ ಸವರಿ, ಏನೋ ಮೇಸ್ತ್ರಿ, ಇನ್ನೂ ಇದೀಯಾ ಎಂದು ಕೇಳಿದರು. ಬೋಗುಣಿಯ ನೀರನ್ನು ಸಿಂಕಿಗೆ ಸುರಿದರು. ಬಾಟಲಿಗಳನ್ನು ಬಿಸಿಲಿಗೆ ಇಟ್ಟರು. ಎರಡು ಕಿಟಕಿ ಮುಚ್ಚಿ ಚಿಲಕ ಹಾಕಿ, ಪಶ್ಚಿಮದ ಪರದೆ ಸರಿಸಿದರು. ಬಾಗಿಲ ಹಿಂದಿನ ಮೇನ್ ಸ್ವಿಚ್ ಆರಿಸಿದರು. ಆಗ 12.09. ಹಿಂದಿನ ಎರಡು ದಿನ ನಾನು ಬರುವ ಮುಂಚೆ ಮತ್ತೆ ಬಂದು ಎಲ್ಲವನ್ನೂ ಮೊದಲಿನಂತೆ ಮಾಡಿ ಹೋಗಿರಬೇಕು. ನಾಯಿ ಪ್ರತಿಯೊಂದು ಕೆಲಸದಲ್ಲೂ ಅವರ ಹಿಂದೆ ಹೋಗಿ, ಪಕ್ಕದಲ್ಲಿ ಕುಳಿತು ನೋಡಿತು.

ನಾನು ಹೊರಗೆ ಬಂದೆ. ಅವರು ಬೆಚ್ಚಲಿಲ್ಲ. ಹೋದೆ ಅಂತ ಮೆಸೇಜ್ ಬಂದಿತ್ತಲ್ಲಮ್ಮಾ ಎಂದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ, ನಾನೇನು ಹೊಡೆದ್ನಾ, ವಿಷ ಹಾಕಿದ್ನಾ, ಬಿಸಿಲು ಅಷ್ಟೇ, ಬಿಸಿಲಿನ ಮೇಲೆ ಯಾರಾದ್ರೂ ದೂರು ಕೊಡ್ತಾರಾ ಎಂದರು. ಈ ನಾಯಿ ಇರೋವರೆಗೂ ಅಕ್ಕ ಈ ಮನೆ ಬಿಡಲ್ಲ, ಮಾರೋಣ ಅಂತ ಯಾವಾಗ ಕೇಳಿದ್ರೂ ಮೇಸ್ತ್ರಿ, ಮೇಸ್ತ್ರಿ ಅಂತಾಳೆ ಎಂದೂ ಹೇಳಿದರು. ನಂತರ ಕುರ್ಚಿಯಲ್ಲಿ ಕುಳಿತು, ನಾಳೆ ಬೆಳಿಗ್ಗೆ ಹತ್ತಕ್ಕೆ ಅಕ್ಕನನ್ನ ಡಿಸ್ಚಾರ್ಜ್ ಮಾಡ್ತಾರೆ, ಸೀದಾ ನಮ್ಮನೆಗೆ ಕರ್ಕೊಂಡು ಹೋಗ್ತೀನಿ, ತಾರಸಿ ಮೇಲಿನ ತಗಡಿನ ಶೀಟ್ ರೂಮಲ್ಲಿ ಮಂಚ ಹಾಕಿಸಿದೀನಿ, ಆರು ವಾರ ಅವಳು ಎದ್ದು ಓಡಾಡೋ ಹಾಗಿಲ್ಲ, ಹಗಲೆಲ್ಲ ನಾವು ಕೆಲಸಕ್ಕೆ ಹೋಗಿರ್ತೀವಿ, ನೀವು ಬಂದು ನೋಡ್ಕೊಳ್ಳೋದೇನೂ ಬೇಡ ಎಂದು ಹೇಳಿ ಕೀಲಿ ಕೇಳಿದರು. ನಾನು ಕೊಡಲಿಲ್ಲ. ನಾಯಿಯನ್ನು ಎತ್ತಿಕೊಂಡು 12.20ಕ್ಕೆ ಇಳಿದು ಕ್ಷೌರದ ಅಂಗಡಿಯಲ್ಲಿ ಬಿಟ್ಟೆ. ಅದು ಈಗ ಅಲ್ಲಿ ಫ್ಯಾನ್ ಕೆಳಗಿದೆ.

12.45ಕ್ಕೆ ಆಸ್ಪತ್ರೆಗೆ ಹೋದೆ. ಸಂಬಂಧಿಕರಲ್ಲದವರನ್ನು ಒಳಗೆ ಬಿಡಬಾರದೆಂದು ತಮ್ಮ ಬರೆದುಕೊಟ್ಟಿದ್ದಾರೆ ಎಂದು ನರ್ಸ್ ತಿಳಿಸಿದರು. ಟೈಲರಕ್ಕನಿಗೆ ನೋವಿನ ಔಷಧಿಯ ಮಂಪರು ಇದೆ, ಎಚ್ಚರವಾದಾಗಲೆಲ್ಲ ನನ್ನ ಫೋನ್ ಎಲ್ಲಿ ಎಂದು ಕೇಳುತ್ತಾರೆ ಎಂದೂ ಹೇಳಿದರು.

ನಿಮ್ಮ ದೂರು ನಾಯಿಯ ಬಗ್ಗೆಯೋ, ಹೆಂಗಸಿನ ಬಗ್ಗೆಯೋ, ಒಂದನ್ನು ಹೇಳಿ ಎಂದು ಠಾಣೆಯಲ್ಲಿ ತಾವು ಕೇಳಿದಿರಿ. ಎರಡನ್ನೂ ಬರೆದುಕೊಳ್ಳಿ ಎಂದು ಕೋರುತ್ತೇನೆ. ನಾಳೆ ಬೆಳಿಗ್ಗೆ 10ಕ್ಕೆ ಮುಂಚೆ ಯಾರಾದರೂ ಆಸ್ಪತ್ರೆಗೆ ಹೋಗಿ, ಅವರ ತಮ್ಮ ಹತ್ತಿರ ಇಲ್ಲದಾಗ ಟೈಲರಕ್ಕನನ್ನು ಮಾತನಾಡಿಸಬೇಕು. ಮನೆಯಿಂದ ಇಳಿಯುವ ಮುಂಚೆ, ಆ ಶೀಟ್ ರೂಮಿಗೆ ಎಷ್ಟು ಕಿಟಕಿಗಳಿವೆ ಎಂದು ನಾನು ತಮ್ಮನನ್ನು ಕೇಳಿದ್ದೆ. ಅವರು ಮತ್ತೆ ಕೀಲಿಗೆ ಕೈ ಚಾಚಿದರು.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು ಇಷ್ಟೇ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಠಾಣೆ
ದಿನಾಂಕ: ಏಪ್ರಿಲ್ 17, ಗುರುವಾರ, ಮಧ್ಯಾಹ್ನ 3.40
ಹೇಳಿಕೆ ಕೊಟ್ಟವರ ಸಹಿ