ಕಚ್ಚಿಟ್ಟ ಪೇರಲ

ಬೈಲಹೊಂಗಲದ ಹಲ್ಲಿನ ದವಾಖಾನೆಯಲ್ಲಿ ಕಾಯುತ್ತಿದ್ದೆ. ಎದುರಿನ ಬೆಂಚಿನ ಮೇಲೆ ವಯಸ್ಸಾದ ಗಂಡ ಹೆಂಡತಿ. ಗಂಡನ ಹಣೆಯಲ್ಲಿ ಗಂಧ. ಆಕೆಯ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಒಮ್ಮೆ ಕಚ್ಚಿ, ನೋವು ತಾಳದೆ ಬಿಟ್ಟ ಪೇರಲಹಣ್ಣು.

“ಇಲ್ನೋಡ್ರಿ, ಹಲ್ಲು ಹುಳುಕು ಮಾಡೋ ಬ್ಯಾಕ್ಟೀರಿಯಾದ ಗುಣಾನ ಬದಲ ಮಾಡ್ಯಾರಂತ. ಅದನ್ನ ಬಾಯಾಗ ಬಿಟ್ರ ಹುಳುಕು ಹಿಡಿಯಂಗಿಲ್ಲಂತ.”

“ಬೇಕಂತನ ಬಾಯಾಗ ಹುಳಾ ಬಿಡೋದ? ಖಾತ್ರಿ ಅದ ಏನು?”

“ಇನ್ನೂ ಪರೀಕ್ಷಾ ಮಾಡ್ಲಿಕ್ಕೆ ಹತ್ಯಾರಂತ. ಒಬ್ಬರ ಬಾಯಿಂದ ಇನ್ನೊಬ್ಬರಿಗೂ ಹೋಗಬಹುದಂತ.”

“ಹಂಗಿದ್ರ ನೀ ಒಬ್ಬಾಕಿನ ಬಿಡಿಸ್ಕೋ. ನನಗೂ ಬರ್ತದ.”

“ಹೆಂಗ ಬರ್ತದ್ರಿ? ಮದುವ್ಯಾಗ ನಾ ಅರ್ಧಾ ತಿಂದು ಕೊಟ್ಟ ಉಂಡಿ, ಎಂಜಲಾತು ಅಂತ ಬಾಳಿ ಎಲಿ ಕೆಳಗ ಮುಚ್ಚಿಟ್ರಿ. ಇವತ್ತಿನ ತನಕಾ ನನ್ನ ಎಂಜಲಾ ಮುಟ್ಟಿದವರಲ್ಲ.”



ಒಳಗಿನಿಂದ “ತಾರಾಬಾಯಿ” ಎಂದು ಕರೆದರು. ಆಕೆ ಎದ್ದು ಪೇರಲವನ್ನು ಚೀಲಕ್ಕೆ ಹಾಕಹೋದರು. ಗಂಡ ಅದನ್ನು ಕೈಯಿಂದ ತೆಗೆದುಕೊಂಡು, ಆಕೆ ಕಚ್ಚಿದ ಕಡೆಯೇ ಕಚ್ಚಿದರು.

“ಅಯ್ಯ! ಅದರಾಗ ಇನ್ನೂ ಹಳೇ ಹುಳಾನ ಅದಾವ್ರಿ!”

“ಇರ್ಲಿ ತಗೋ. ನಿನ್ನವ ಅಲ್ಲೇನು?”

ಅಗಿಯುತ್ತಲೇ, ಚೀಲ ಹಿಡಿದುಕೊಂಡು ಆಕೆಯ ಹಿಂದೆ ಹೋದರು.