ಹದಿನಾಲ್ಕನೇ ಬಿಲ್ಲೆಯನ್ನು ತಿರುಗಿಸಿದವರ ಬಗ್ಗೆ

ಹೇಳಿಕೆ ಕೊಡುವವಳು: ಹೊಲಿಗೆಯವಳು, ವಯಸ್ಸು ಅರವತ್ತೆರಡು. ಕಸುಬು: ಬಟ್ಟೆ ಬಿಗಿ, ಸಡಿಲ ಮಾಡಿಕೊಡುವುದು. ವಾಸ: ಬಸ್ ಡಿಪೋ ಹಿಂದಿನ ಓಣಿ, ಅಂಗಡಿಯ ಮೇಲಿನ ಒಂದೇ ಕೋಣೆ. ಠಾಣೆಗೆ ಕರೆಸಿದ್ದರಿಂದ ಹಾಜರಾಗಿ ಬರೆಸುವ ಸಂಗತಿ ಏನೆಂದರೆ:

ದ್ವೀಪಗಳ ಪ್ರಾಣಿ ಪಕ್ಷಿ ತೋರಿಸುವ ಹಡಗಿನಲ್ಲಿ ನಾನೂ ನನ್ನ ತಂಗಿಯೂ ಪ್ರವಾಸ ಹೋಗಬೇಕಾಗಿತ್ತು. ಹೊರಡುವ ಹಿಂದಿನ ದಿನ ತಂಗಿ ಫೋನ್ ಮಾಡಿ, ಮೊಮ್ಮಗಳಿಗೆ ಜ್ವರ, ನೀನೇ ಹೋಗಿ ಬಾ ಅಕ್ಕಾ ಎಂದಳು. ನನ್ನ ಜೊತೆ ಹೊರಡುವ ದಿನವೇ ಅವಳ ಮೊಮ್ಮಕ್ಕಳಿಗೆ ಜ್ವರ ಬರುತ್ತದೆ. ಹಡಗಿನ ಎರಡು ಮಂಚದ ಕೋಣೆಯಲ್ಲಿ ಒಂದರ ಮೇಲೆ ನಾನು ಮಲಗಿದೆ, ಇನ್ನೊಂದರ ಮೇಲೆ ನನ್ನ ಚೀಲ ಮಲಗಿತು.

ಹಡಗಿನಿಂದ ಇಳಿಯುವ ಬಾಗಿಲ ಪಕ್ಕ ಒಂದು ಹಲಗೆ ಇದೆ. ಅದರಲ್ಲಿ ಪ್ರತಿಯೊಬ್ಬರಿಗೂ ನಂಬರಿನ ಬಿಲ್ಲೆ. ದ್ವೀಪಕ್ಕೆ ಇಳಿಯುವಾಗ ನಮ್ಮ ಬಿಲ್ಲೆಯನ್ನು ಕೆಂಪು ಬದಿಗೆ, ಹತ್ತುವಾಗ ಬಿಳಿ ಬದಿಗೆ ತಿರುಗಿಸಬೇಕು. ಎಲ್ಲವೂ ಬಿಳಿಯಾದರೆ ಹಡಗು ಹೊರಡುತ್ತದೆ. ತಲೆ ಎಣಿಸುವ ಪದ್ಧತಿಯಿಲ್ಲ. ನನ್ನದು ಹದಿನಾಲ್ಕು. ಹದಿಮೂರು, ಊಟದ ಮೇಜಿನಲ್ಲಿ ನನ್ನ ಪಕ್ಕ ಕೂರುವ ಗಡಿಯಾರ ರಿಪೇರಿಯವರದು. ಅಲ್ಲಿಯ ತನಕ ಅವರು ನನ್ನೊಡನೆ ಆಡಿದ್ದು "ಉಪ್ಪು ಸ್ವಲ್ಪ ಈ ಕಡೆ ಕೊಡ್ತೀರಾ" ಎಂಬ ಒಂದೇ ಮಾತು.

ಮೂರನೇ ದಿನ ಮಧ್ಯಾಹ್ನ ಎರಡೂವರೆಗೆ ಸಣ್ಣ ದೋಣಿಗಳಲ್ಲಿ ನಮ್ಮನ್ನು ಒಂದು ಬೋಳು ದ್ವೀಪಕ್ಕೆ ಇಳಿಸಿದರು. ಕಲ್ಲು, ಮರಳು, ಕಳ್ಳಿ ಬಿಟ್ಟರೆ ಬೇರೇನಿಲ್ಲ. ದಡದಲ್ಲಿ ಸೀಲ್ ಎಂಬ ಕಡಲಪ್ರಾಣಿಗಳು ಭಾನುವಾರದ ಊಟ ಮುಗಿಸಿದವರ ಹಾಗೆ ಬಿದ್ದುಕೊಂಡಿದ್ದವು. ಗೈಡ್ ಹುಡುಗಿ ಬಂಡೆ ಸಂದಿಯಲ್ಲಿ ಮೊಟ್ಟೆಯ ಮೇಲೆ ಕೂತಿದ್ದ ಕಡಲಹಕ್ಕಿಯನ್ನು ತೋರಿಸಿ, ಗಂಡು ಹೆಣ್ಣು ಸರದಿಯಲ್ಲಿ ಕಾವು ಕೊಡುತ್ತವೆ, ಗಂಡು ಸಮುದ್ರಕ್ಕೆ ಹೋಗಿದೆ, ಬರುತ್ತದೆ ಎಂದಳು. ಎಷ್ಟು ಹೊತ್ತಿಗೆ ಎಂದು ಕೇಳಿದ್ದಕ್ಕೆ, "ಅದು ಅದರಿಷ್ಟ ಆಂಟಿ" ಎಂದು ನಕ್ಕಳು.

ಎಲ್ಲರೂ ಮುಂದೆ ಹೋದರು. ಅದು ಬರುವುದನ್ನು ನೋಡಿಯೇ ತೀರುತ್ತೇನೆ ಎಂದು ನಾನು ಬಂಡೆಯ ನೆರಳಲ್ಲಿ ಕೂತೆ. ಆ ಹಠ ನನ್ನದೇ, ಅದನ್ನೂ ಬರೆದುಕೊಳ್ಳಿ. ಕೂತಲ್ಲೇ ಕಣ್ಣು ಹತ್ತಿತು. ಎಚ್ಚರವಾದಾಗ ದಡದಲ್ಲಿ ದೋಣಿಗಳಿರಲಿಲ್ಲ. ಹಡಗು ದೂರದಲ್ಲಿ ಹೆಬ್ಬೆರಳಿನಷ್ಟು ಕಾಣುತ್ತಿತ್ತು. ಗಂಟಲು ಹರಿಯುವ ಹಾಗೆ ಕೂಗಿದೆ. ಒಂದು ಸೀಲ್ ತಲೆಯೆತ್ತಿ ನೋಡಿ ಮತ್ತೆ ಮಲಗಿತು.

ಬಾಟಲಿಯಲ್ಲಿ ಎರಡು ಗುಟುಕು ನೀರಿತ್ತು. ನಾನಿಲ್ಲ ಎಂದು ಯಾರಿಗೆ ಗೊತ್ತಾಗಬೇಕು ಎಂದು ಯೋಚಿಸಿದೆ. ತಂಗಿಗೆ ವಾಪಸು ಬಂದ ಮೇಲೆ ಫೋನ್ ಮಾಡುತ್ತೇನೆ ಎಂದಿದ್ದೆ. ಪ್ಯಾಂಟ್ ಕೊಟ್ಟಿದ್ದ ಗಿರಾಕಿಯೊಬ್ಬ ಸೋಮವಾರ ಬಂದು ಅಂಗಡಿಯ ಬೀಗ ನೋಡಿ ಬೈಯಬಹುದು, ಅಷ್ಟೇ. ಸಾಯುವ ಭಯಕ್ಕಿಂತ ಹೆಚ್ಚಾಗಿ ಇದಕ್ಕೇ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಇದೆಲ್ಲ ಬೇಕಾ ಎಂದು ಬರೆದುಕೊಳ್ಳುವ ಪೇದೆ ಕೇಳಿದರು. ಬೇಕು ಎಂದೆ.

ಬಿಸಿಲು ಇಳಿದ ಮೇಲೆ ಗಂಡು ಹಕ್ಕಿ ಬಂತು. ಎಲ್ಲಿ ಹಾಳಾಗಿ ಹೋಗಿದ್ದೆ ಎನ್ನುವ ಹಾಗೆ ಹೆಣ್ಣು ಅದರ ಮೇಲೆ ಕಿರುಚಾಡಿತು, ಆಮೇಲೆ ಎದ್ದು ಜಾಗ ಬಿಟ್ಟುಕೊಟ್ಟಿತು. ಬೈಯಲಿಕ್ಕೂ ಒಬ್ಬರು ಬೇಕಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಕತ್ತಲು ಕವಿಯುವಾಗ ಸುಮಾರು ಏಳೂವರೆಗೆ ದೋಣಿ ಬಂತು. ಅದರಲ್ಲಿ ಗೈಡ್ ಹುಡುಗಿ, ದೋಣಿಯವನು ಮತ್ತು ಗಡಿಯಾರದವರು ಇದ್ದರು. ಗಡಿಯಾರದವರ ಕಾಲಲ್ಲಿ ಕೋಣೆಯ ಚಪ್ಪಲಿ, ಕೊರಳಲ್ಲಿ ಊಟದ ಕರವಸ್ತ್ರ ಹಾಗೇ ಇತ್ತು. ಅವರು ತಿಳಿಸಿದ್ದೇನೆಂದರೆ, ಅವರ ಹೆಂಡತಿ ಎಲ್ಲದರಲ್ಲೂ ನಿಧಾನ, ಎಲ್ಲಿಗೆ ಹೋದರೂ ಹಿಂದಿನಿಂದ ಬರುವವರು. ಹಾಗಾಗಿ ಅವರ ಪಾಲಿನದನ್ನೂ ಇವರೇ ಮಾಡಿ ಮುಗಿಸುವುದು ಮದುವೆಯಾದಾಗಿನ ರೂಢಿ. ಹೆಂಡತಿ ತೀರಿಕೊಂಡು ವರ್ಷವಾಗಿದೆ. ಹಲಗೆಯ ಮುಂದೆ ನಿಂತಾಗ ಕೈ ತನ್ನಷ್ಟಕ್ಕೆ ತಮ್ಮ ಬಿಲ್ಲೆಯನ್ನೂ ಪಕ್ಕದ ನನ್ನದನ್ನೂ ಬಿಳಿ ಬದಿಗೆ ತಿರುಗಿಸಿಬಿಟ್ಟಿದೆ. ಊಟಕ್ಕೆ ಕೂತು ಉಪ್ಪು ಕೇಳಲು ನನ್ನ ಕಡೆ ನೋಡಿದಾಗ ಕುರ್ಚಿ ಖಾಲಿಯಿತ್ತು. ಕೈ ಮಾಡಿದ ಕೆಲಸ ಆಗ ನೆನಪಾಯಿತಂತೆ.

"ನನ್ನ ಕೈಯಿಂದ ಒಂದು ಜೀವ ಹೋಗ್ತಿತ್ತಲ್ಲಮ್ಮಾ" ಎಂದು ಅವರು ಅತ್ತರು. "ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ರಿ!" ಎಂದು ನಾನು ಹಡಗು ತಲುಪುವವರೆಗೂ ಮನಸಾರೆ ಬೈದೆ.

ಹಡಗಿನ ಕಂಪನಿಯವರು ಗೈಡ್ ಹುಡುಗಿಯನ್ನು ಕೆಲಸದಿಂದ ತೆಗೆಯುತ್ತೇವೆ ಎನ್ನುತ್ತಿದ್ದಾರೆ. ಗಡಿಯಾರದವರು ಕೇಸು ತಮ್ಮ ಮೇಲೇ ಹಾಕಿ ಎನ್ನುತ್ತಿದ್ದಾರೆ. ಇಬ್ಬರ ಮೇಲೂ ನನ್ನ ದೂರಿಲ್ಲ. ತಲೆ ಎಣಿಸಲು ಸೋಮಾರಿತನ ಮಾಡಿದ ಕಂಪನಿಯ ಮೇಲೆ ದೂರು ಇದೆ, ದಪ್ಪಕ್ಷರದಲ್ಲಿ ಬರೆಯಿರಿ.

ಆ ಘಟನೆಯ ಮಾರನೇ ದಿನ ಇನ್ನೊಂದು ದ್ವೀಪ ನೋಡಿ ಹಡಗು ಹತ್ತುವಾಗ ಗಡಿಯಾರದವರು ಹಲಗೆಯ ಮುಂದೆ ಕೈಕಟ್ಟಿ ನಿಂತು, ನಿಮ್ಮ ಬಿಲ್ಲೆ ನಾನು ಮುಟ್ಟಲ್ಲ ಎಂದರು. "ತಿರುಗಿಸಿ, ಪರವಾಗಿಲ್ಲ. ಆದ್ರೆ ಮೊದಲು ಹಿಂದೆ ನಾನಿದ್ದೀನಾ ನೋಡ್ಕೊಳ್ಳಿ" ಎಂದೆ. ನೋಡಿದರು. ಆಮೇಲೆ ತಿರುಗಿಸಿದರು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ಸುಳ್ಳು ಸೇರಿಲ್ಲ. ಸ್ಥಳ: ಬಂದರು ಠಾಣೆ. ದಿನ: ಹಡಗು ದಡ ಸೇರಿದ ಶುಕ್ರವಾರ. ಸಹಿ: ಹೊಲಿಗೆಯವಳು. ಜೊತೆಗೆ ಯಾರಾದರೂ ಬಂದಿದ್ದಾರೆಯೇ ಎಂದು ಪೇದೆ ಕೇಳಿದ್ದಕ್ಕೆ, ಹೊರಗೆ ಬೆಂಚಿನ ಮೇಲೆ ಒಬ್ಬರು ನನಗಾಗಿ ಕಾಯುತ್ತಾ ಕೂತಿದ್ದಾರೆ ಎಂದು ತಿಳಿಸಿರುತ್ತೇನೆ.